ಹತ್ತು ರೂಪಾಯಿ ಕಾರ್ಡಿಗೆ ಐವತ್ತೈದು ರೂಪಾಯಿ ಪೋಸ್ಟಾ?

ಪ್ರಶ್ನೆ: ಸರ್, ನಮ್ಮದು ಚಿಂತಾಮಣಿ. ಮಗ ಒಂಬತ್ತನೇ ಕ್ಲಾಸು. ಕ್ರಿಕೆಟ್ ಕಾರ್ಡು, ಪೋಕೆಮಾನ್ ಅನ್ನೋ ಕಾರ್ಟೂನಿನ ಕಾರ್ಡು ಕೂಡಿಡುವ ಹುಚ್ಚು. ಇಲ್ಲಿ ಬದಲಾಯಿಸಿಕೊಳ್ಳೋಕೆ ಜೊತೆಗಾರರು ಕಮ್ಮಿ. ಅದಕ್ಕೆ ಮೈಸೂರು, ಹುಬ್ಬಳ್ಳಿ, ಪುಣೆಯ ಹುಡುಗರ ಜೊತೆ ಅಂಚೆಯಲ್ಲೇ ಬದಲಾಯಿಸಿಕೊಳ್ಳುತ್ತಾನೆ. ಎರಡು ತಿಂಗಳಲ್ಲಿ 11 ಕವರ್ ಕಳಿಸಿದ್ದಾನೆ. ಸ್ಪೀಡ್ ಪೋಸ್ಟಿಗೇ 610 ರೂಪಾಯಿ ಆಗಿದೆ. ಒಳಗೆ ಹೋಗಿದ್ದು ಬರೀ 14 ಕಾರ್ಡು. ಮೊದಲೆಲ್ಲ ರಿಜಿಸ್ಟರ್ ಪೋಸ್ಟಿನಲ್ಲಿ ಇದರ ಅರ್ಧಕ್ಕೆ ಆಗುತ್ತಿತ್ತು. ನಮ್ಮ ಯಜಮಾನರು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು. "ಮಾಲಿಗಿಂತ ಬಾಡಿಗೆ ಜಾಸ್ತಿ, ನಿಲ್ಲಿಸು" ಅಂತಾರೆ. ಮಗ "ಮುಂದೆ ಇದಕ್ಕೆ ಲಕ್ಷ ಬರುತ್ತೆ" ಅಂತಾನೆ. ನಂಬರ್ ಹಾಕಿದ ಕ್ರಿಕೆಟ್ ಕಾರ್ಡುಗಳ ಸೆಟ್ಟು ಪೂರ್ತಿಯಾಗೋಕೆ ಇನ್ನು ಹತ್ತು ಕಾರ್ಡು ಬಾಕಿ ಇವೆಯಂತೆ. ಅವನ ಪಟ್ಟಿಯನ್ನೂ ಜೊತೆಗಿಟ್ಟಿದ್ದೇನೆ. ನಿಲ್ಲಿಸಲೋ, ಬಿಡಲೋ?

ಉತ್ತರ: ತಾಯಿ, ನಿಮ್ಮ ಯಜಮಾನರ ಲೆಕ್ಕ ಸರಿ. ಆದರೆ ಅದಕ್ಕೆ ನಿಲ್ಲಿಸಬೇಕು ಅನ್ನೋದು ಸರಿಯಿಲ್ಲ. ಯಾಕೆ ಅಂತ ಅವರ ಮಂಡಿಯ ಮಾತಿನಲ್ಲೇ ಹೇಳುತ್ತೇನೆ.

2023ರ ಜುಲೈ ನೆನಪಿದೆಯಲ್ಲ? ಕೋಲಾರದ ಮಂಡಿಯಲ್ಲಿ 15 ಕೆಜಿಯ ಒಂದು ಬಾಕ್ಸ್ ಟೊಮೆಟೊ 2000 ರೂಪಾಯಿ ದಾಟಿತ್ತು. ಅದೇ ಬಾಕ್ಸು ಬೇರೆ ವರ್ಷ ಕಿತ್ತ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದಿದ್ದೂ ಇದೆ. ಒಳಗಿನ ಹಣ್ಣಿಗೆ ರೇಟ್ ಎಷ್ಟಿದೆ ಅಂತ ನೋಡಿ ಲಾರಿಯವನು ಬಾಡಿಗೆ ಕೇಳುವುದಿಲ್ಲ. ಹಾಗಂತ ರೇಟ್ ಬಿದ್ದಾಗ ಲಾರಿ ಓಡಿಸೋದೇ ತಪ್ಪು ಅಂತ ಯಾರೂ ಅನ್ನಲ್ಲ. ಹತ್ತು ಬಾಕ್ಸಿಗೆ ಒಂದು ಲಾರಿ ಕಟ್ಟಿದವನನ್ನು ಮಾತ್ರ ಮಂಡಿಯಲ್ಲಿ ಎಲ್ಲರೂ ನೋಡಿ ನಗುತ್ತಾರೆ. ನಿಮ್ಮ ಮಗ ಮಾಡಿರೋದು ಅದನ್ನೇ. 14 ಕಾರ್ಡಿಗೆ 11 ಲಾರಿ ಕಟ್ಟಿದ್ದಾನೆ.

ನನ್ನ ಬಗ್ಗೆ ಎರಡು ಮಾತು. ತುಮಕೂರಿನಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ. ಕಾರ್ಡ್ ಪ್ಯಾಕೆಟ್ಟನ್ನು ಮಾರಿದ್ದೇನೆ, ನಾನೇ ಒಡೆದು ಕೂಡಿಟ್ಟಿದ್ದೇನೆ, ಅಂಚೆಯಲ್ಲಿ ಬದಲಾಯಿಸಿಕೊಂಡು ಕೈ ಸುಟ್ಟುಕೊಂಡೂ ಇದ್ದೇನೆ. ಅದಕ್ಕೂ ಹಿಂದೆ ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಕಾಲದಲ್ಲಿ ಊರೂರಿನ ಹುಡುಗರಿಗೆ ಕಾಗದ ಬರೆದವನು. ಹಾಗಾಗಿ ನಿಮ್ಮ ಮಗನ ಕಡೆ ಸ್ವಲ್ಪ ವಾಲಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಅಂಚೆ ದರ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ಅದರ ಹಿಂದೆಯೇ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನ ಹೊಸ ದರ ಬಂತು. ಮೊದಲು 20 ಗ್ರಾಂನ ರಿಜಿಸ್ಟರ್ ಕಾಗದಕ್ಕೆ ಜಿಎಸ್‌ಟಿ ಸೇರಿ 25 ರೂಪಾಯಿ 96 ಪೈಸೆ ಆಗುತ್ತಿತ್ತು. ಈಗ 50 ಗ್ರಾಂ ತನಕದ ಸ್ಪೀಡ್ ಪೋಸ್ಟಿಗೆ ಊರೊಳಗಾದರೆ 19, ಹೊರಗೆ ಎಲ್ಲಿಗಾದರೂ 47 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ. ಅಂದರೆ 55 ರೂಪಾಯಿ 46 ಪೈಸೆ. ನಿಮ್ಮ 610 ಹುಟ್ಟಿದ್ದು ಇದನ್ನೇ ಹನ್ನೊಂದು ಸಲ ಕಟ್ಟಿ. "ಅರ್ಧಕ್ಕೆ ಆಗುತ್ತಿತ್ತು" ಅಂತ ನೀವು ಬರೆದಿದ್ದೂ ನಿಜವೇ.

ಈ ದರದಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. 50 ಗ್ರಾಂ ಒಳಗಿದ್ದರೆ ದೂರದ ಲೆಕ್ಕವೇ ಇಲ್ಲ. ಚಿಂತಾಮಣಿಯಿಂದ ಕೋಲಾರಕ್ಕೂ 47, ಗುವಾಹಟಿಗೂ 47. 50 ಗ್ರಾಂ ದಾಟಿದರೆ 250 ಗ್ರಾಂ ತನಕ ಇನ್ನೊಂದು ದರ. 200 ಕಿಲೋಮೀಟರ್ ಒಳಗೆ 59, 500ರ ಒಳಗೆ 63, ಸಾವಿರದ ಒಳಗೆ 68, ಎರಡು ಸಾವಿರದ ಒಳಗೆ 72, ಅದಕ್ಕೂ ದೂರ ಹೋದರೆ 77. ಜಿಎಸ್‌ಟಿ ಬೇರೆ. ತೂಕ ಐದು ಪಟ್ಟು ಆದರೂ ದುಡ್ಡು ಎರಡು ಪಟ್ಟೂ ಆಗಲಿಲ್ಲ, ನೋಡಿ.

ಈಗ ಕಾರ್ಡನ್ನು ತಕ್ಕಡಿಗೆ ಹಾಕೋಣ. ಪೋಕೆಮಾನ್ ಕಾರ್ಡಿನ ಅಳತೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ತೂಕ ಎರಡು ಗ್ರಾಂಗೂ ಕಮ್ಮಿ, ಸುಮಾರು 1.8 ಗ್ರಾಂ. ಕ್ರಿಕೆಟ್ ಕಾರ್ಡು ಕೂಡ ಹೆಚ್ಚುಕಮ್ಮಿ ಅಷ್ಟೇ. ಹತ್ತು ಕಾರ್ಡು 18 ಗ್ರಾಂ. ಎರಡು ಕಡೆ ರಟ್ಟು, ಕವರು ಎಲ್ಲ ಸೇರಿಸಿದರೂ 50 ಗ್ರಾಂ ಒಳಗೇ ನಿಲ್ಲುತ್ತೆ. ಅಂದರೆ ಒಂದು ಕಾರ್ಡು ಕಳಿಸಿದರೂ 55 ರೂಪಾಯಿ, ಹತ್ತು ಕಳಿಸಿದರೂ ಅದೇ 55. ಒಂದೇ ಹೋದರೆ ಕಾರ್ಡಿಗೆ 55 ಬಿತ್ತು, ಹತ್ತು ಹೋದರೆ ಐದೂವರೆ. ನೂರು ಕಾರ್ಡು ಕಟ್ಟಿ 250 ಗ್ರಾಂ ಒಳಗೆ ಮೈಸೂರಿಗೆ ಕಳಿಸಿದರೆ 63ಕ್ಕೆ ಜಿಎಸ್‌ಟಿ ಸೇರಿ ಸುಮಾರು 74 ರೂಪಾಯಿ. ಕಾರ್ಡಿಗೆ 75 ಪೈಸೆಯೂ ಬೀಳಲಿಲ್ಲ.

ಮಗನನ್ನು ಕೂರಿಸಿಕೊಂಡು ಆ ಹನ್ನೊಂದು ರಸೀದಿ ಹರಡಿ ನೋಡಿ. ಒಬ್ಬನೇ ಹುಡುಗನಿಗೆ ಎರಡು ಸಲ, ಮೂರು ಸಲ ಹೋಗಿರುತ್ತೆ. ಇವತ್ತು ಒಂದು ಒಪ್ಪಂದ ಆಯಿತು, ಓಡಿಹೋಗಿ ಪೋಸ್ಟ್ ಮಾಡಿದ. ನಾಲ್ಕು ದಿನ ಬಿಟ್ಟು ಅವನ ಜೊತೆಗೇ ಇನ್ನೊಂದು. ಆ ವಯಸ್ಸಿಗೆ ತಾಳ್ಮೆ ಎಲ್ಲಿ ಬರುತ್ತೆ? ಆ ಹನ್ನೊಂದು ಕವರು ಐದು ಜನಕ್ಕೆ ಹೋಗಿದ್ದವು ಅಂತಿಟ್ಟುಕೊಳ್ಳಿ. ಐದೇ ಕವರಿನಲ್ಲಿ ಮುಗಿಯುತ್ತಿತ್ತು. 330 ರೂಪಾಯಿಗೂ ಜಾಸ್ತಿ ಉಳಿಯುತ್ತಿತ್ತು. ನಾನು ನನಗೇ ಹಾಕಿಕೊಂಡ ನಿಯಮ ಇದು: ಒಬ್ಬರ ಜೊತೆ ಕನಿಷ್ಠ ಆರು ಕಾರ್ಡಿನ ಒಪ್ಪಂದ ಆಗೋ ತನಕ ಅಂಚೆ ಕಚೇರಿ ಕಡೆ ತಲೆ ಹಾಕಬಾರದು.

ಹುಡುಗರು ಮರೆಯೋದು ಇನ್ನೊಂದಿದೆ. ಅದಲುಬದಲು ಅಂದರೆ ಎರಡು ಕವರು. ನಿಮ್ಮವನು 55 ಕಟ್ಟಿದ, ಮೈಸೂರಿನವನೂ 55 ಕಟ್ಟಿದ. ಒಂದೊಂದು ಕಾರ್ಡು ಬದಲಾಗೋಕೆ ಅಂಚೆಗೆ 111 ರೂಪಾಯಿ ಹೋಯಿತು. ಅದೇ ಕಾರ್ಡನ್ನು ಅವನಿಂದ ದುಡ್ಡು ಕೊಟ್ಟೇ ತಗೊಂಡಿದ್ದರೆ ಒಂದು ಕವರ್ ಸಾಕಿತ್ತು. ಅವನು ಕಾರ್ಡಿಗೆ 20 ರೂಪಾಯಿ ಕೇಳಿದ ಅನ್ನಿ. ಪೋಸ್ಟ್ ಸೇರಿ 75 ಆಯಿತು. ಬದಲಾಯಿಸಿಕೊಳ್ಳೋದು ಯಾವಾಗಲೂ ಅಗ್ಗ ಅನ್ನೋ ನಂಬಿಕೆ ಸುಮ್ನೆ. ಬೇಕಾಗಿರೋದು ಒಂದೋ ಎರಡೋ ಸಾದಾ ಕಾರ್ಡಾದರೆ ಕೊಂಡುಬಿಡೋದೇ ವಾಸಿ.

ಹಾಗಾದರೆ ಅಂಚೆಯಲ್ಲಿ ಬದಲಾಯಿಸಿಕೊಳ್ಳೋದು ಯಾವಾಗ ಲಾಭ? ನಿಮ್ಮ ಮಗ ಈಗ ನಿಂತಿರುವ ಜಾಗದಲ್ಲೇ. ಹತ್ತು ಕಾರ್ಡು ಬಾಕಿ ಅಂದಿರಲ್ಲ, ಅಲ್ಲೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ಯಾಕೆಟ್ ಮಾರುವವರ ಹೊಟ್ಟೆ ತುಂಬೋದೇ ಈ ಲೆಕ್ಕದಿಂದ. ನಾನೂ ಮಾರಿದವನೇ, ಆದ್ದರಿಂದ ಹೇಳುವ ಹಕ್ಕಿದೆ.

ಒಂದು ಸೆಟ್ಟಿನಲ್ಲಿ 100 ಕಾರ್ಡು. ಎಲ್ಲವೂ ಒಂದೇ ಸಮನಾಗಿ ಅಚ್ಚಾಗಿವೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಪ್ಯಾಕೆಟ್ಟಿನೊಳಗೆ ಯಾವ ಕಾರ್ಡಿದೆ ಅಂತ ಒಡೆಯೋ ತನಕ ಗೊತ್ತಾಗಲ್ಲ. ಮೊದಲ ಪ್ಯಾಕೆಟ್ ಒಡೆದಾಗ ಬಂದದ್ದೆಲ್ಲ ಹೊಸದೇ. 50 ಬೇರೆ ಬೇರೆ ಕಾರ್ಡು ಕೈಗೆ ಬರೋಕೆ ಸರಾಸರಿ 69 ಕಾರ್ಡು ಒಡೆದರೆ ಸಾಕು. ಹುಡುಗರಿಗೆ ರುಚಿ ಹತ್ತೋದು ಇಲ್ಲೇ. "ಆಗಲೇ ಅರ್ಧ ಆಯ್ತು, ಇನ್ನೊಂದು ಎಪ್ಪತ್ತು ಒಡೆದರೆ ಮುಗೀತು" ಅಂದುಕೊಳ್ಳುತ್ತಾರೆ. ಮುಗಿಯಲ್ಲ. 90 ಆಗೋಕೆ 226 ಕಾರ್ಡು ಬೇಕು. ಅಲ್ಲಿಂದ ಆಚೆಗೆ ಕೊನೆಯ ಹತ್ತಕ್ಕೆ? ಸರಾಸರಿ 293. ಮೊದಲ ತೊಂಬತ್ತಕ್ಕಿಂತ ಕೊನೆಯ ಹತ್ತೇ ಜಾಸ್ತಿ ತಿನ್ನುತ್ತೆ.

ಇದು ಹೇಗೆ ಅಂತ ಒಂಬತ್ತನೇ ಕ್ಲಾಸಿನ ಹುಡುಗನೇ ನಿಮಗೆ ಬಿಡಿಸಿ ಹೇಳಬಲ್ಲ. ಹತ್ತು ಬಾಕಿ ಇರುವಾಗ ತೆಗೆದ ಕಾರ್ಡು ಬೇಕಾದದ್ದೇ ಆಗಿರೋ ಸಾಧ್ಯತೆ ನೂರಕ್ಕೆ ಹತ್ತು. ಅಂದರೆ ಸರಾಸರಿ ಹತ್ತು ಕಾರ್ಡು ತೆಗೆಯಬೇಕು. ಐದು ಬಾಕಿ ಇರುವಾಗ ಇಪ್ಪತ್ತು. ಎರಡು ಬಾಕಿ ಇರುವಾಗ ಐವತ್ತು. ಕೊನೆಯದೊಂದೇ ಉಳಿದರೆ ಅದೊಂದಕ್ಕೇ ನೂರು. ಎಲ್ಲ ಕೂಡಿಸಿದರೆ 293. ಇಡೀ ಸೆಟ್ಟಿಗೆ 519.

ಪ್ಯಾಕೆಟ್ಟಿಗೆ ಐದು ಕಾರ್ಡು, ಬೆಲೆ 50 ರೂಪಾಯಿ ಅಂತ ಹಿಡಿಯೋಣ. 293 ಕಾರ್ಡು ಅಂದರೆ 59 ಪ್ಯಾಕೆಟ್, 2950 ರೂಪಾಯಿ. ಅದೂ ಸರಾಸರಿ. ಅದೃಷ್ಟ ಕೆಟ್ಟರೆ ಇನ್ನೂ ಮೇಲೆ. ನಿಜವಾದ ಸೆಟ್ಟುಗಳಲ್ಲಿ ಹೊಳೆಯೋ ಕಾರ್ಡು, ವಿಶೇಷ ಕಾರ್ಡು ಅಂತ ಕೆಲವನ್ನು ಬೇಕಂತಲೇ ಕಮ್ಮಿ ಅಚ್ಚು ಹಾಕಿರುತ್ತಾರೆ. ಆಗ ಈ ಲೆಕ್ಕ ಇನ್ನೂ ಕೆಡುತ್ತೆ.

ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. 90 ಕಾರ್ಡು ಸೇರಿಸೋಕೆ 226 ಒಡೆದಿದ್ದರೆ ಉಳಿದ 136 ಎಲ್ಲಿವೆ? ನಿಮ್ಮನೆಯಲ್ಲೇ, ಶೂ ಡಬ್ಬಿಯಲ್ಲೋ ಹಳೇ ಬಿಸ್ಕತ್ ಟಿನ್ನಿನಲ್ಲೋ ಡಬಲ್ ಆಗಿ ಬಿದ್ದಿವೆ. ಅವನ ಮಟ್ಟಿಗೆ ಅವು ಕಸ. ಹುಬ್ಬಳ್ಳಿಯ ಯಾವನೋ ಹುಡುಗನಿಗೆ ಅದರಲ್ಲೇ ಐದು ಕಾರ್ಡು ಬಾಕಿ ಇರುತ್ತೆ. ಅವನ ಕಸದಲ್ಲಿ ನಿಮ್ಮವನ ಐದು ಇರುತ್ತೆ. ಇಬ್ಬರ ಹತ್ತಿರ ಐದೈದು ಸಿಕ್ಕರೆ ನಿಮ್ಮ ಕಡೆಯಿಂದ ಎರಡು ಕವರು, 111 ರೂಪಾಯಿ. ಹಟ ಹಿಡಿದವನಿಗೆ ಒಂದಕ್ಕೆ ಎರಡು ಕೊಟ್ಟರೂ ನಷ್ಟ ಇಲ್ಲ, ಕೊಡೋದು ಡಬಲ್ ತಾನೆ? 2950 ಎಲ್ಲಿ, 111 ಎಲ್ಲಿ! ನಿಮ್ಮ ಯಜಮಾನರಿಗೆ ಈ ಒಂದು ಪ್ಯಾರಾ ಓದಿ ಹೇಳಿ, ಸಾಕು. ನಿಲ್ಲಿಸಬೇಕಾಗಿರೋದು ಪೋಸ್ಟನ್ನಲ್ಲ, ಪ್ಯಾಕೆಟ್ ಕೊಳ್ಳೋದನ್ನ. ಅರ್ಧ ಸೆಟ್ಟು ಆಗುವ ತನಕ ಪ್ಯಾಕೆಟ್ ಒಡೆಯೋದು ಸುಖ. ಆಮೇಲೂ ಒಡೆಯುತ್ತಾ ಕೂತರೆ ಲಾಭ ನನ್ನಂಥ ಅಂಗಡಿಯವನಿಗೆ.

ಎಲ್ಲದಕ್ಕೂ ಸ್ಪೀಡ್ ಪೋಸ್ಟೇ ಬೇಕಾ? ಬೇಡ. ಸಾದಾ ಕಾಗದ ಅನ್ನೋದು ಇನ್ನೂ ಇದೆ, 20 ಗ್ರಾಂಗೆ 5 ರೂಪಾಯಿ. ಎರಡು ಮೂರು ಕಾರ್ಡು, ತೆಳು ರಟ್ಟು, ಸಣ್ಣ ಕವರು 20 ಗ್ರಾಂ ಒಳಗೆ ಕೂರುತ್ತೆ. 40 ಗ್ರಾಂ ಆದರೆ 10 ರೂಪಾಯಿ. ಟ್ರ್ಯಾಕಿಂಗ್ ಇರಲ್ಲ. ಕಳೆದುಹೋದರೆ ಕೇಳೋಕೆ ಕೈಯಲ್ಲಿ ರಸೀದಿಯೂ ಇರಲ್ಲ. ಆದರೂ ಯೋಚಿಸಿ. ಸ್ಪೀಡ್ ಪೋಸ್ಟಿಗೂ ಇದಕ್ಕೂ ವ್ಯತ್ಯಾಸ 50 ರೂಪಾಯಿ. ಕವರೊಳಗಿನ ಮಾಲು 100 ರೂಪಾಯಿದು ಅಂದರೆ, ಎರಡು ಕವರಿಗೆ ಒಂದು ಕಳೆಯುತ್ತೆ ಅನ್ನೋ ಭಯ ಇದ್ದರೆ ಮಾತ್ರ ಆ 50 ಕೊಡೋದು ಸರಿ. ನಮ್ಮ ಅಂಚೆ ಅಷ್ಟು ಕೆಟ್ಟಿಲ್ಲ! ಮಾಲು 500ರದ್ದಾದರೆ ಹತ್ತಕ್ಕೆ ಒಂದು. 2000ದ್ದಾದರೆ ನಲವತ್ತಕ್ಕೆ ಒಂದು ಕಳೆಯುವ ಅನುಮಾನ ಇದ್ದರೂ ಸ್ಪೀಡ್ ಪೋಸ್ಟೇ ಮಾಡಬೇಕು. ನಾನು ನನ್ನ ಗೆರೆ 300 ರೂಪಾಯಿಗೆ ಎಳೆದಿದ್ದೇನೆ. ಅದರ ಕೆಳಗಿನದೆಲ್ಲ ಸಾದಾ ಅಂಚೆ. ಹೊಸಬರ ಜೊತೆಗಿನ ಮೊದಲ ವ್ಯವಹಾರ ಮಾತ್ರ ಎಷ್ಟೇ ಚಿಕ್ಕದಾದರೂ ಸ್ಪೀಡ್ ಪೋಸ್ಟಿನಲ್ಲೇ ಕಳಿಸುತ್ತೇನೆ. ಕಾರ್ಡು ಕಳೆದರೆ ಇನ್ನೊಂದು ಸಿಗುತ್ತೆ. "ನೀನು ಕಳಿಸಲೇ ಇಲ್ಲ" ಅಂತ ಅವನು, "ಕಳಿಸಿದೆ" ಅಂತ ನಾನು, ಆ ಜಗಳ ಶುರುವಾದರೆ ಒಬ್ಬ ಜೊತೆಗಾರನೇ ಹೋದ.

ಸಾದಾ ಕವರನ್ನೂ ಕೌಂಟರಿನಲ್ಲಿ ತೂಗಿಸಿಯೇ ಸ್ಟ್ಯಾಂಪ್ ಹಚ್ಚಿ. ಕಮ್ಮಿ ಹಚ್ಚಿದರೆ, ಕಮ್ಮಿಯಾದದ್ದರ ಎರಡರಷ್ಟನ್ನು ಆ ಕಡೆಯವರಿಂದ ವಸೂಲಿ ಮಾಡುತ್ತಾರೆ. ಮುಖ ಕೆಡುತ್ತೆ. ಮತ್ತೆ, ಹೊಸ ದರದ ಜೊತೆಗೆ ವಿದ್ಯಾರ್ಥಿಗಳಿಗೆ ಸ್ಪೀಡ್ ಪೋಸ್ಟಿನಲ್ಲಿ ನೂರಕ್ಕೆ ಹತ್ತು ರಿಯಾಯಿತಿ ಇಟ್ಟಿದ್ದಾರೆ. ಸ್ಕೂಲಿನ ಗುರುತಿನ ಚೀಟಿ ಹಿಡಿದು ಮಗನನ್ನೇ ಕಳಿಸಿ, ಕೇಳಲಿ. 55 ಇದ್ದದ್ದು 50ಕ್ಕೆ ಇಳಿಯುತ್ತೆ. ಬೆಲೆ ಇರುವ ಕಾರ್ಡಾದರೆ ಇನ್ನೊಂದು 5 ರೂಪಾಯಿಗೆ ರಿಜಿಸ್ಟ್ರೇಷನ್, ಮತ್ತೊಂದು 5ಕ್ಕೆ ಓಟಿಪಿ ಹೇಳಿದರೆ ಮಾತ್ರ ಕೊಡುವ ವ್ಯವಸ್ಥೆ, ಎರಡೂ ಇವೆ. ಇವಕ್ಕೂ ಜಿಎಸ್‌ಟಿ ಬೀಳುತ್ತೆ. ಎರಡನ್ನೂ ಸೇರಿಸಿದರೆ ಕವರಿಗೆ 67 ರೂಪಾಯಿ ಚಿಲ್ಲರೆ.

ಇನ್ನು ಲಕ್ಷದ ಮಾತು. ಇದರಲ್ಲಿ ನಾನು ಮಗನ ಕಡೆ ಇಲ್ಲ.

2022ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಒಂದು ಬೇಸ್‌ಬಾಲ್ ಕಾರ್ಡು 1 ಕೋಟಿ 26 ಲಕ್ಷ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 100 ಕೋಟಿ ರೂಪಾಯಿ. ಟಾಪ್ಸ್ ಕಂಪನಿಯ 1952ರ ಸೆಟ್ಟಿನ ಮಿಕಿ ಮ್ಯಾಂಟಲ್ ಕಾರ್ಡು ಅದು. ಹುಡುಗರು ಇದನ್ನು ಓದಿ ಕನಸು ಕಾಣುತ್ತಾರೆ. ಆದರೆ ಆ ಸೆಟ್ಟಿನ ಕಥೆ ಪೂರ್ತಿ ಕೇಳಬೇಕು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ್ದಾಗಿ, ಆ ಸೆಟ್ಟನ್ನು ರೂಪಿಸಿದ ಸೈ ಬರ್ಗರ್ ಅವರೇ ಹೇಳಿಕೊಂಡಿದ್ದರು. ಯಾರಿಗೂ ಬೇಡವಾಗಿದ್ದ ಕಾಲ ಅದು. ಮನೆಯಲ್ಲಿದ್ದದ್ದನ್ನು ಅಮ್ಮಂದಿರು ಗುಡಿಸಿ ಹಾಕಿದ್ದರು. ಹಾಗಾಗಿ ಚೆನ್ನಾಗಿ ಉಳಿದದ್ದು ಕೆಲವೇ ಕೆಲವು. ಇವತ್ತು ಎಲ್ಲ ಹುಡುಗರೂ ಲಕ್ಷ ಬರುತ್ತೆ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ ಜೋಪಾನ ಮಾಡುತ್ತಿದ್ದಾರೆ. ಎಲ್ಲರೂ ಜೋಪಾನ ಮಾಡಿದ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಅವನ ಪಟ್ಟಿಯಲ್ಲಿರೋದು ಬಹುಪಾಲು ಹತ್ತಿಪ್ಪತ್ತು ರೂಪಾಯಿಯವು. ಇಪ್ಪತ್ತು ವರ್ಷ ಬಿಟ್ಟರೂ ಅಷ್ಟೇ ಅಂತ ಹಿಡಿದು ಲೆಕ್ಕ ಹಾಕಲಿ. ಆಟದ ಖುಷಿಗೆ ಆಡಲಿ. ದುಡ್ಡೇ ಕೂಡಿಡಬೇಕು ಅಂದರೆ ಅಂಚೆ ಕಚೇರಿಯಲ್ಲೇ ಆರ್‌ಡಿ ಕೌಂಟರ್ ಇದೆ.

ಬೆಲೆ ನೋಡುವಾಗಲೂ ಒಂದು ಎಚ್ಚರ ಬೇಕು. ಯಾರೋ 5000 ಅಂತ ಬೋರ್ಡು ಹಾಕಿದ ಮಾತ್ರಕ್ಕೆ ಅದು ಬೆಲೆ ಅಲ್ಲ. ಎಷ್ಟಕ್ಕೆ ಮಾರಿಹೋಯಿತು ಅನ್ನೋದೇ ಬೆಲೆ. ಕೂಗಿದ ರೇಟಿಗೂ ಬಿಟ್ಟ ರೇಟಿಗೂ ಎಷ್ಟು ವ್ಯತ್ಯಾಸ ಅಂತ ನಿಮ್ಮ ಯಜಮಾನರೇ ಚೆನ್ನಾಗಿ ಹೇಳುತ್ತಾರೆ.

ಪೋಕೆಮಾನ್ ಕಾರ್ಡಿನ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಫ್ಯಾನ್ಸಿ ಸ್ಟೋರು, ಜಾತ್ರೆ ಅಂಗಡಿಗಳಲ್ಲಿ ಡಬ್ಬಿಗಟ್ಟಲೆ ಬರುತ್ತವಲ್ಲ, ಚಿನ್ನದ ಬಣ್ಣದ್ದು, ಬೆಳ್ಳಿ ಬಣ್ಣದ್ದು, ಬಾಗಿಸಿದರೆ ಚಟ್ ಅನ್ನೋ ಪ್ಲಾಸ್ಟಿಕ್ಕಿನವು. ಅವೆಲ್ಲ ನಕಲಿ. ಆಡೋಕೆ ಅಡ್ಡಿಯಿಲ್ಲ, ಬದಲಾಯಿಸೋಕೆ ಬೆಲೆ ಸೊನ್ನೆ. ಅಸಲಿ ಕಾರ್ಡು ಕಾಗದದ್ದು. ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಎರಡು ಪದರದ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಾಣುತ್ತೆ. ಕಾರ್ಡಿನ ಹಿಂದೆ ಇಂಗ್ಲಿಷಿನಲ್ಲಿ ಪೋಕೆಮಾನ್ ಅಂತ ಬರೆದಿರುವಲ್ಲಿ ಇ ಅಕ್ಷರದ ಮೇಲೆ ಚಿಕ್ಕ ಓರೆ ಗೆರೆ ಇರುತ್ತೆ. ನಕಲಿಯವರು ಎಷ್ಟೋ ಸಲ ಅದನ್ನೇ ಮರೆತಿರುತ್ತಾರೆ. ನಕಲಿಯ ಹಿಂಬದಿಯ ನೀಲಿ ಬಣ್ಣ ಪೇಲವವಾಗಿರುತ್ತೆ. ಗುಟ್ಟು ಬೇಕಿಲ್ಲ, ಒಂದು ಅಸಲಿ ಪಕ್ಕದಲ್ಲಿಟ್ಟು ನೋಡಿದರೆ ಕುರುಡನಿಗೂ ಗೊತ್ತಾಗುತ್ತೆ. ಒಪ್ಪಂದಕ್ಕೆ ಮುಂಚೆ ಕಾರ್ಡಿನ ಎರಡೂ ಬದಿಯ ಫೋಟೋ, ಮೂಲೆಗಳ ಹತ್ತಿರದ ಫೋಟೋ ತರಿಸಿಕೊಳ್ಳಲಿ. ತಾನೂ ಕಳಿಸಲಿ. ತನ್ನ ಕಾರ್ಡಿನ ಮೂಲೆ ಬೆಳ್ಳಗಾಗಿದ್ದರೆ ಮುಚ್ಚಿಡಬಾರದು. ಅದು ಆ ಕಡೆಯವನಿಗೆ ಕವರ್ ಒಡೆದ ತಕ್ಷಣ ಕಾಣುತ್ತೆ.

ಕಟ್ಟುವ ಬಗೆಯಲ್ಲಿ ನಾನು ಪಟ್ಟ ಪಾಡು ಹೇಳುತ್ತೇನೆ. ಮೊದಲ ಸಲ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಬಿಗಿದು ಕಳಿಸಿದ್ದೆ. ತಲುಪುವಷ್ಟರಲ್ಲಿ ಮೇಲಿನ ಕಾರ್ಡಿನ ಎರಡೂ ಅಂಚಿಗೆ ಕಚ್ಚು ಬಿದ್ದಿತ್ತು. ಆ ಕಡೆಯವರು ಪಾಪ ಏನೂ ಅನ್ನಲಿಲ್ಲ, ಮತ್ತೆ ವ್ಯವಹಾರವನ್ನೂ ಮಾಡಲಿಲ್ಲ. ಇನ್ನೊಂದು ಸಲ ಅಂಗಡಿಯಲ್ಲಿ ಬಿದ್ದಿದ್ದ ಅಗರಬತ್ತಿ ಪ್ಯಾಕಿನ ರಟ್ಟು ಹಾಕಿದೆ. ಕಾರ್ಡು ಸುರಕ್ಷಿತ, ಆದರೆ ತಿಂಗಳುಗಟ್ಟಲೆ ದೇವರ ಮನೆ ವಾಸನೆ! ಮೂರನೇದು ಆಷಾಢದ ಮಳೆಯಲ್ಲಿ. ಒಳಗೆ ಪ್ಲಾಸ್ಟಿಕ್ ಹಾಕದೆ ಕಳಿಸಿದೆ. ಹಪ್ಪಳದ ಹಾಗೆ ಸೊಟ್ಟಗಾಗಿ ಹೋಗಿತ್ತು.

ಈಗ ಹೀಗೆ ಮಾಡುತ್ತೇನೆ. ಪ್ರತಿ ಕಾರ್ಡಿಗೂ ತೆಳು ಪ್ಲಾಸ್ಟಿಕ್ ಸ್ಲೀವ್. ಬೆಲೆ ಇರೋದಕ್ಕೆ ಮಾತ್ರ ಟಾಪ್‌ಲೋಡರ್, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಪಾಕೆಟ್. ಉಳಿದದ್ದಕ್ಕೆ ಮದುವೆ ಕಾರ್ಡೇ ಸಾಕು. ನಮ್ಮಲ್ಲಿ ವರ್ಷಕ್ಕೆ ಮನೆಗೆ ಎಷ್ಟು ಲಗ್ನಪತ್ರಿಕೆ ಬರಲ್ಲ? ಆ ದಪ್ಪ ಕಾಗದವನ್ನು ಕಾರ್ಡಿಗಿಂತ ಬೆರಳಗಲ ದೊಡ್ಡದಾಗಿ ಕತ್ತರಿಸಿ ಮೇಲೊಂದು ಕೆಳಗೊಂದು ಇಡಿ. ಸುತ್ತ ಟೇಪ್ ಸುತ್ತುವಾಗ ಸ್ಲೀವಿಗೆ ತಾಗಿಸಬೇಡಿ, ರಟ್ಟಿಗೆ ಮಾತ್ರ ಅಂಟಿಸಿ. ಟೇಪಿನ ತುದಿಯನ್ನು ಸ್ವಲ್ಪ ಒಳಕ್ಕೆ ಮಡಚಿಬಿಟ್ಟರೆ ಬಿಚ್ಚುವವರು ಕತ್ತರಿ ಹಾಕಬೇಕಾಗಲ್ಲ. ಕತ್ತರಿಯಿಂದ ಸತ್ತ ಕಾರ್ಡು ಅಂಚೆಯಿಂದ ಸತ್ತಿದ್ದಕ್ಕಿಂತ ಜಾಸ್ತಿ. ಎಲ್ಲವನ್ನೂ ಒಂದು ಜಿಪ್ ಕವರಿಗೆ ಹಾಕಿ, ಆಮೇಲೆ ಲಕೋಟೆ. ಸ್ಟ್ಯಾಂಪ್ ಹಚ್ಚುವ ಮೂಲೆಯ ಕೆಳಗೆ ಕಾರ್ಡು ಬರದ ಹಾಗೆ ನೋಡಿಕೊಳ್ಳಿ. ಮೊಹರು ಬೀಳೋದು ಅಲ್ಲೇ, ಅದೂ ಮೆತ್ತಗೆ ಬೀಳಲ್ಲ. "ಮಡಚಬೇಡಿ" ಅಂತ ಕೆಂಪು ಪೆನ್ನಿನಲ್ಲಿ ಬರೆಯಬಹುದು. ನಾನೂ ಬರೆಯುತ್ತೇನೆ, ಆದರೆ ನಂಬೋದು ರಟ್ಟನ್ನೇ.

ವಿಳಾಸ ಹೊರ ರಾಜ್ಯದ್ದಾದರೆ ಇಂಗ್ಲಿಷಿನಲ್ಲೇ ಬರೆಯಲಿ. ಪಿನ್ ಕೋಡನ್ನು ಒಂದೊಂದೇ ಅಂಕಿ ಬಿಡಿಸಿ ಬರೆಯಲಿ. ಚಿಂತಾಮಣಿ ಈಗ ಚಿಕ್ಕಬಳ್ಳಾಪುರ ಜಿಲ್ಲೆ. ಆದರೂ ನಿಮ್ಮ 563125ರ ಮೊದಲ ಮೂರು ಅಂಕಿ ಕೋಲಾರದ 563101ರದ್ದೇ. ಚಿಕ್ಕಬಳ್ಳಾಪುರದ್ದು 562101. ಜಿಲ್ಲೆ ನೋಡಿಕೊಂಡು ಪಿನ್ ಊಹೆ ಮಾಡಿದರೆ ಕವರು ಊರೂರು ಸುತ್ತಿಕೊಂಡು ಬರುತ್ತೆ.

ಯಾರು ಮೊದಲು ಕಳಿಸಬೇಕು ಅನ್ನೋದು ಹಳೇ ತಕರಾರು. ಹೊಸಬ ಮೊದಲು ಕಳಿಸೋದು ರೂಢಿ. ಇಬ್ಬರೂ ಹೊಸಬರಾದರೆ ಒಂದೇ ದಿನ ಪೋಸ್ಟ್ ಮಾಡಿ, ರಸೀದಿಯ ಫೋಟೋ ಪರಸ್ಪರ ಕಳಿಸಿಕೊಳ್ಳಬೇಕು. ಅದರಲ್ಲಿರುವ 13 ಅಕ್ಷರ ಅಂಕಿಗಳ ನಂಬರಿನಿಂದ ಕವರ್ ಎಲ್ಲಿದೆ ಅಂತ ಇಬ್ಬರೂ ನೋಡಬಹುದು. ನನಗೂ ಒಬ್ಬ ಟೋಪಿ ಹಾಕಿದ್ದಾನೆ. ಐದಾರು ಸಲ ಚಿಕ್ಕ ಚಿಕ್ಕ ವ್ಯವಹಾರ ಸರಿಯಾಗಿ ಮಾಡಿದ, ನಂಬಿಕೆ ಬಂತು. ಏಳನೇ ಸಲ ನನ್ನ ಹತ್ತಿರವಿದ್ದ ಒಳ್ಳೇ ಕಾರ್ಡು ಹೋದ ಮೇಲೆ ಫೋನೇ ಎತ್ತಲಿಲ್ಲ. ಹೋದದ್ದು 1200 ರೂಪಾಯಿ. ಅದಾದ ಮೇಲೆ ದೊಡ್ಡದನ್ನು ಒಂದೇ ಸಲಕ್ಕೆ ಕಳಿಸುವುದಿಲ್ಲ. ನಿಮ್ಮ ಮಗ ಚಿಕ್ಕವನು. ಫೋನ್ ನಂಬರ್ ನಿಮ್ಮದೇ ಇರಲಿ, ಕವರಿನ ಮೇಲೆ ನಿಮ್ಮ ಯಜಮಾನರ ಹೆಸರಿರಲಿ. "ಮೊದಲು ಅಡ್ವಾನ್ಸ್ ಹಾಕಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಯಾರಾದರೂ ಅಂದರೆ ಅಲ್ಲಿಗೆ ಮಾತು ಮುಗಿಸಲಿ.

ವಿದೇಶದ ಆಸೆ ಸದ್ಯಕ್ಕೆ ಬೇಡ. ಪೋಸ್ಟೇಜ್ ಹಲವು ಪಟ್ಟು. ಹೊರಗಿನಿಂದ ಬಂದದ್ದಕ್ಕೆ ಕಸ್ಟಮ್ಸ್ ಸುಂಕ ಬೇರೆ. 2019ರ ಡಿಸೆಂಬರಿನಿಂದ ಗಿಫ್ಟ್ ಅಂತ ಬರೆದು ಸುಂಕ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿದೆ.

ಬೆಂಗಳೂರಿನ ಹುಡುಗರ ಜೊತೆ ವ್ಯವಹಾರ ಇದ್ದರೆ ಅಂಚೆಯೇ ಬೇಡ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಚಾರ್ಜ್ ಇಲ್ಲವಲ್ಲ! ಹೇಗೂ ನೆಂಟರ ಮನೆಗೋ ಆಸ್ಪತ್ರೆಗೋ ಹೋಗುವಾಗ ಕಾರ್ಡಿನ ಡಬ್ಬಿ ಬ್ಯಾಗಿನಲ್ಲಿರಲಿ. ಮಗನನ್ನೂ ಕರೆದುಕೊಂಡು ಹೋದರೆ ಅವನ ಟಿಕೆಟ್ಟು ಒಂದೇ. ಎದುರು ಕೂತು ಮೂವತ್ತು ನಲವತ್ತು ಕಾರ್ಡು ಒಂದೇ ಏಟಿಗೆ ಬದಲಾಗುತ್ತೆ, ಮೂಲೆ ಬೆಳ್ಳಗಾಗಿದೆಯಾ ಅಂತ ಕಣ್ಣಾರೆ ನೋಡಬಹುದು. ನಾನು ಬೇರೆ ಊರಿಗೆ ಹೊರಟಾಗಲೆಲ್ಲ ಅಲ್ಲಿ ಯಾರಿದ್ದಾರೆ ಅಂತ ಮೊದಲು ಪಟ್ಟಿ ತೆಗೆಯುತ್ತೇನೆ. ನಮ್ಮನೆಯವರಿಗೆ ಇದರ ಬಗ್ಗೆ ಏನನ್ನಿಸುತ್ತೆ ಅಂತ ಇಲ್ಲಿ ಬರೆಯೋದು ಬೇಡ.

ಮಗನಿಗೆ ತಿಂಗಳಿಗೆ ಇಷ್ಟು ಅಂತ ಅಂಚೆ ದುಡ್ಡು ಗೊತ್ತು ಮಾಡಿ ಕೊಟ್ಟುಬಿಡಿ, 150 ರೂಪಾಯಿ ಅನ್ನಿ. ಅದರಲ್ಲಿ ಎರಡು ಸ್ಪೀಡ್ ಪೋಸ್ಟು, ಏಳೆಂಟು ಸಾದಾ ಕವರು ಬರುತ್ತೆ. ಯಾವುದನ್ನು ಯಾವುದರಲ್ಲಿ ಕಳಿಸೋದು ಅಂತ ಅವನೇ ತಲೆ ಕೆಡಿಸಿಕೊಳ್ಳಲಿ. ಲೆಕ್ಕದ ಪುಸ್ತಕವನ್ನು ಅವರಪ್ಪನೇ ಹಾಕಿಕೊಡಲಿ, ಅದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಅವನ ಪಟ್ಟಿ ನೋಡಿದೆ. ಹತ್ತರಲ್ಲಿ 34 ಮತ್ತು 71ನೇ ನಂಬರಿನ ಕಾರ್ಡು ನನ್ನ ಹತ್ತಿರ ಡಬಲ್ ಇವೆ. 71ರ ಒಂದು ಮೂಲೆ ಸ್ವಲ್ಪ ಸವೆದಿದೆ, ಮೊದಲೇ ಹೇಳಿಬಿಡುತ್ತೇನೆ. ಎರಡೂ ಸೇರಿದರೂ ಮೂವತ್ತು ರೂಪಾಯಿ ಬಾಳಲ್ಲ. ಹಾಗಾಗಿ ಸ್ಪೀಡ್ ಪೋಸ್ಟ್ ಮಾಡಿಲ್ಲ. ಮದುವೆ ಕಾರ್ಡಿನ ರಟ್ಟಿನ ನಡುವೆ ಇಟ್ಟು, 5 ರೂಪಾಯಿ ಸ್ಟ್ಯಾಂಪ್ ಹಚ್ಚಿ ಸೋಮವಾರ ಡಬ್ಬಕ್ಕೆ ಹಾಕಿದ್ದೇನೆ. ಬದಲಿಗೆ ಅವನ ಡಬಲ್ಲುಗಳಲ್ಲಿ 12ನೇ ನಂಬರಿನ ಕಾರ್ಡು ಇದ್ದರೆ ನನಗೆ ಬೇಕು. ಆತುರ ಇಲ್ಲ, ಬೇರೆ ಯಾರಿಗಾದರೂ ತುಮಕೂರಿಗೆ ಕಳಿಸುವಾಗ ಅದೇ ಕವರಿನಲ್ಲಿ ಹಾಕಲಿ, ನಾನೇ ಹೋಗಿ ಇಸಕೊಳ್ಳುತ್ತೇನೆ.